ನ್ಯೂಜೆರ್ಸಿ ಪ್ರೈಮರಿ, ಜೂನ್ 2: ಮತದಾರರಿಗೆ ಫೋನ್ ಮಾಡೋಕೆ ಕೂರೋರಿಗೆ ಏನೇನು ಗೊತ್ತಿರಬೇಕು?

ಎಡಿಸನ್ ಕಟ್ಟೆ

2026ರ ಪ್ರೈಮರಿಗೆ (ನವೆಂಬರಿಗೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸೋ ಚುನಾವಣೆ) ಫೋನ್ ಬ್ಯಾಂಕ್‌ಗೆ, ಅಂದ್ರೆ ಅಭ್ಯರ್ಥಿ ಪರ ಮತದಾರರಿಗೆ ಸಾಲಾಗಿ ಫೋನ್ ಮಾಡೋ ಕೆಲಸಕ್ಕೆ, ಹೆಸರು ಕೊಟ್ಟಿರೋ ಕನ್ನಡಿಗರು ಸುಮಾರು ಜನ ಇದ್ದಾರೆ. ಕ್ಯಾಂಪೇನ್‌ನವರ ತರಬೇತಿ ಅಂದ್ರೆ ಅರ್ಧ ಗಂಟೆ ಝೂಮ್, ಯಾವ ಬಟನ್ ಎಲ್ಲಿದೆ ಅಂತ ತೋರಿಸ್ತಾರೆ. ಆ ಕಡೆಯಿಂದ "ನಾನು ಯಾವ ಪಾರ್ಟಿನೂ ಅಲ್ಲ, ನನಗೆ ವೋಟಿದೆಯಾ?" ಅಂತ ಕೇಳಿದ್ರೆ ಏನು ಹೇಳ್ಬೇಕು? ಪೋಸ್ಟಲ್ಲಿ ಬ್ಯಾಲೆಟ್ ಬರುತ್ತೆ ಅಂತ ಕಾಯ್ತಾ ಕೂತಿರೋ ಅಜ್ಜಿಗೆ ಏನು ಹೇಳ್ಬೇಕು? ಗೊತ್ತಿರೋರು ಬರೀರಿ. ಯಾರಿಗೆ ವೋಟು ಹಾಕ್ಬೇಕು ಅನ್ನೋ ಜಗಳ ಇಲ್ಲಿ ಬೇಡ.

ಪಟ್ಟಿಪಂಡಿತ

ನವೆಂಬರಿನ ಕರೆಗೂ ಪ್ರೈಮರಿ ಕರೆಗೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಪ್ರೈಮರಿಯಲ್ಲಿ "ವೋಟು ಹಾಕ್ತೀರಾ?" ಎಂದು ಕೇಳುವ ಮೊದಲು "ಯಾವ ಬ್ಯಾಲೆಟ್ ಸಿಗುತ್ತೆ?" ಎಂಬುದು ಇತ್ಯರ್ಥವಾಗಬೇಕು. ನ್ಯೂಜೆರ್ಸಿಯ ಲೆಕ್ಕ ಹೀಗಿದೆ.

ಒಂದು ಪಕ್ಷದಲ್ಲಿ ನೋಂದಾಯಿಸಿಕೊಂಡವರಿಗೆ ಆ ಪಕ್ಷದ ಬ್ಯಾಲೆಟ್ ಮಾತ್ರ. ಪಕ್ಷ ಬದಲಿಸಲು ಪ್ರೈಮರಿಗೆ 55 ದಿನ ಮೊದಲು ಅರ್ಜಿ ಹಾಕಿರಬೇಕು. ಈ ಸಲ ಅದು ಏಪ್ರಿಲ್ 8, ಕಳೆದಾಯ್ತು. ಆದ್ದರಿಂದ ಎದುರು ಪಕ್ಷದಲ್ಲಿ ನೋಂದಾಯಿಸಿದವರು "ನಿಮ್ಮ ಅಭ್ಯರ್ಥಿ ಇಷ್ಟ" ಎಂದರೂ ಅವರ ಹತ್ತಿರ ಹತ್ತು ನಿಮಿಷ ಕಳೆಯಬೇಡಿ. ಜೂನ್ 2ಕ್ಕೆ ಅವರು ಉಪಯೋಗಕ್ಕೆ ಬರುವುದಿಲ್ಲ. ಥ್ಯಾಂಕ್ಸ್ ಹೇಳಿ ಗುರುತು ಹಾಕಿಕೊಂಡು ಮುಂದೆ ಹೋಗಿ.

ಯಾವ ಪಕ್ಷವನ್ನೂ ನಮೂದಿಸದವರನ್ನು ಪಟ್ಟಿಯಲ್ಲಿ "ಅನ್‌ಅಫಿಲಿಯೇಟೆಡ್" ಎಂದು ತೋರಿಸುತ್ತಾರೆ. ಇವರು ಮತಗಟ್ಟೆಯ ಮೇಜಿನಲ್ಲೇ "ನನಗೆ ಇಂಥ ಪಕ್ಷದ ಬ್ಯಾಲೆಟ್ ಕೊಡಿ" ಎಂದು ಹೇಳಿ ಮತ ಹಾಕಬಹುದು. ಮತ ಹಾಕಿದ ಮೇಲೆ ಆ ಪಕ್ಷದವರೆಂದೇ ದಾಖಲಾಗುತ್ತದೆ. ಹಿಂದಿನ ಸ್ಥಿತಿಗೆ ಬರಬೇಕಿದ್ದರೆ ಮತ್ತೆ ಅರ್ಜಿ ತುಂಬಬೇಕು. ಇದನ್ನು ಮುಚ್ಚಿಡಬೇಡಿ, ಕೇಳಿದರೆ ನೇರವಾಗಿ ಹೇಳಿ.

ನಮ್ಮವರಲ್ಲಿ ಅನ್‌ಅಫಿಲಿಯೇಟೆಡ್ ಇರುವವರು "ನನಗೆ ಪ್ರೈಮರಿಯೇ ಇಲ್ಲ" ಎಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ. ಒಂದು ಕರೆಯಿಂದ ಒಂದು ಹೊಸ ಮತ ಹುಟ್ಟುವ ಜಾಗ ಇದೇ.

ಹೊಸದಾಗಿ ನೋಂದಾಯಿಸಲು 21 ದಿನ ಮೊದಲು, ಅಂದರೆ ಮೇ 12 ಕೊನೆ. ಆ ತಾರೀಕು ದಾಟಿದ ಮೇಲೂ ಸ್ಕ್ರಿಪ್ಟಿನಲ್ಲಿ ನೋಂದಣಿಯ ಸಾಲು ಉಳಿದಿದ್ದರೆ ತೆಗೆಸಿ. ಹಳೇ ಸ್ಕ್ರಿಪ್ಟ್ ಓದಿ ಮತದಾರರ ದಾರಿ ತಪ್ಪಿಸುವುದು ತೀರಾ ಸಾಮಾನ್ಯ.

ದೊಡ್ಡಮ್ಮ

ಅಂಚೆ ಬ್ಯಾಲೆಟ್ ವಿಚಾರ ನಾನು ಸೇರಿಸ್ತೀನಿ, ವಯಸ್ಸಾದವರ ಕರೆಗಳಲ್ಲಿ ಅರ್ಧ ಇದೇ ಇರುತ್ತೆ.

ಪ್ರತಿ ಚುನಾವಣೆಗೂ ಅಂಚೆಯಲ್ಲೇ ಬರಲಿ ಅಂತ ಒಮ್ಮೆ ಬರೆದುಕೊಟ್ಟವರಿಗೆ ತಾನಾಗೇ ಬರುತ್ತೆ, ನಿಜ. ಆದರೆ ಅವರು ಅನ್‌ಅಫಿಲಿಯೇಟೆಡ್ ಆಗಿದ್ದರೆ ಪ್ರೈಮರಿ ಬ್ಯಾಲೆಟ್ ಬರಲ್ಲ, ಯಾಕಂದ್ರೆ ಯಾವ ಪಕ್ಷದ್ದು ಕಳಿಸೋದು ಅಂತ ಕೌಂಟಿಯವರಿಗೆ (ನಮ್ಮ ಜಿಲ್ಲಾ ಕಚೇರಿ ಥರ) ಗೊತ್ತಿರಲ್ಲ. ಪಕ್ಷ ತಿಳಿಸಿ ಅಂತ ಒಂದು ಕಾಗದ ಬಂದಿರುತ್ತೆ, ಅದು ಕೂಪನ್ ರಾಶಿ ಜೊತೆ ಕಸದ ಬುಟ್ಟಿ ಸೇರಿರುತ್ತೆ. "ನವೆಂಬರ್‌ನಲ್ಲಿ ಬಂದಿತ್ತು, ಈಗ್ಲೂ ಬರುತ್ತೆ ಬಿಡಿ" ಅಂತ ಅವರು ಹೇಳಿದ್ರೆ ಅಲ್ಲೇ ನಿಲ್ಲಿಸಿ ಪಕ್ಷದ ಕಾಲಂ ನೋಡಿ.

ಬ್ಯಾಲೆಟ್ ಕೈಗೆ ಬಂದವರಿಗೆ ಹೇಳಬೇಕಾದ್ದು: ಒಳಗಿನ ಲಕೋಟೆಗೆ ಒಂದು ಸರ್ಟಿಫಿಕೇಟ್ ಪಟ್ಟಿ ಅಂಟಿಕೊಂಡಿರುತ್ತೆ. ಅದರ ಮೇಲೆ ಸಹಿ ಮಾಡಬೇಕು, ಹರಿಯಬಾರದು. ನಮ್ಮ ಜನ ಅಚ್ಚುಕಟ್ಟಾಗಿ ಹರಿದು ತೆಗೆದುಬಿಡ್ತಾರೆ, ಬ್ಯಾಂಕ್ ಚಲನ್ ಥರ. ಸಹಿ ದಾಖಲೆಯಲ್ಲಿರೋ ಹಾಗೇ ಇರಬೇಕು. ನೋಂದಣಿ ಇಂಗ್ಲಿಷಲ್ಲಿ ಮಾಡಿಸಿ ಈಗ ಕನ್ನಡದಲ್ಲಿ ಸಹಿ ಹಾಕಿದ್ರೆ ಹೊಂದಾಣಿಕೆ ಆಗಲ್ಲ ಅಂತ ಸರಿಪಡಿಸೋ ಪತ್ರ ಬರುತ್ತೆ. ಆ ಪತ್ರಕ್ಕೆ ಉತ್ತರ ಕೊಟ್ಟರೆ ಮತ ಉಳಿಯುತ್ತೆ. ಕೊನೇ ವಾರದಲ್ಲಿ ಅಂಚೆಗೆ ಹಾಕೋದಕ್ಕಿಂತ ಕೌಂಟಿಯ ಡ್ರಾಪ್ ಬಾಕ್ಸೇ ವಾಸಿ. ಜೂನ್ 2ರ ರಾತ್ರಿ 8ರವರೆಗೆ ಹಾಕಬಹುದು.

ಇನ್ನೊಂದು. ಅಂಚೆ ಬ್ಯಾಲೆಟ್ ತರಿಸಿಕೊಂಡವರು ಮನಸ್ಸು ಬದಲಿಸಿ ಮತಗಟ್ಟೆಗೆ ಹೋದ್ರೆ ಮೆಷಿನ್‌ನಲ್ಲಿ ಹಾಕೋಕೆ ಬಿಡಲ್ಲ, ಪ್ರಾವಿಷನಲ್ ಬ್ಯಾಲೆಟ್ ಕೊಡ್ತಾರೆ. ಅಂಚೆಯದ್ದು ಬಂದಿಲ್ಲ ಅಂತ ನೋಡ್ಕೊಂಡು ಅದನ್ನ ಎಣಿಸ್ತಾರೆ, ಸ್ವಲ್ಪ ತಡ ಅಷ್ಟೇ. ಮೊದಲೇ ಹೇಳಿರದಿದ್ದರೆ ಮೇಜಿನ ಹತ್ರ ಬೇಜಾರು ಮಾಡ್ಕೊಂಡು ವಾಪಸ್ ಬಂದುಬಿಡ್ತಾರೆ.

ಅಡ್ಡಪ್ರಶ್ನೆ

ಓಡಾಡೋಕೆ ಆಗದ ಹಿರಿಯರ ಹತ್ರ ಫೋನಲ್ಲಿ "ನಾನೇ ಬಂದು ನಿಮ್ಮ ಬ್ಯಾಲೆಟ್ ತಗೊಂಡು ಹೋಗ್ತೀನಿ" ಅಂದ್ರೆ ತಪ್ಪಾ?

ಪಟ್ಟಿಪಂಡಿತ

ಆ ಮಾತು ಎತ್ತಲೇಬೇಡಿ. ಬೇರೊಬ್ಬರ ಬ್ಯಾಲೆಟ್ ಒಯ್ಯುವವರನ್ನು ಕಾನೂನು "ಬೇರರ್" ಎನ್ನುತ್ತದೆ. ಒಬ್ಬರು ಒಟ್ಟು ಮೂರು ಒಯ್ಯಬಹುದು, ಒಂದೇ ಮನೆಯ ಕುಟುಂಬದವರದ್ದಾದರೆ ಐದು. ಲಕೋಟೆಯ ಮೇಲೆ ಒಯ್ಯುವವರ ಹೆಸರು, ಸಹಿ ಇರಬೇಕು. ಅಭ್ಯರ್ಥಿ ಒಯ್ಯುವಂತೆಯೇ ಇಲ್ಲ. 2020ರ ಮೇ ತಿಂಗಳಲ್ಲಿ ನಡೆದ ಪ್ಯಾಟರ್ಸನ್ ನಗರಸಭೆಯ ಒಂದು ವಾರ್ಡಿನ ಚುನಾವಣೆಯನ್ನು ಅಂಚೆ ಬ್ಯಾಲೆಟ್ ಅಕ್ರಮದ ಕಾರಣಕ್ಕೆ ಕೋರ್ಟು ಮತ್ತೆ ನಡೆಸಲು ಹೇಳಿತ್ತು. ಮನೆಯ ಮಗನೋ ಸೊಸೆಯೋ ಹಾಕಲಿ. ನೀವು ಡ್ರಾಪ್ ಬಾಕ್ಸ್ ಎಲ್ಲಿದೆ ಎಂದು ಹೇಳಿ, ಸಾಕು.

ಹುಬ್ಬಳ್ಳಿ ಮಂದಿ

ಡಯಲರ್ (ಕರೆ ಹಚ್ಚಲಿಕ್ಕೆ ಕೊಡೋ ಸಾಫ್ಟ್‌ವೇರ್) ಬಗ್ಗೆ ಯಾರೂ ಬರೆದಿಲ್ಲ, ನಾ ಬರಿತೀನಿ.

ಎರಡು ನಮೂನಿ ಇರ್ತಾವ. ಒಂದು, ಬ್ರೌಸರ್‌ನ್ಯಾಗ ಹೆಸರು-ನಂಬರ್ ಕಾಣ್ತದ, ನಿಮ್ಮ ಫೋನಿನಿಂದ ನೀವ ಒತ್ತಿ ಹಚ್ಚಬೇಕು. ಡೆಮಾಕ್ರಟ್ ಕಡೆ ಮತದಾರರ ಪಟ್ಟಿ ಇಡೋ ಸಾಫ್ಟ್‌ವೇರಿಗೆ ವ್ಯಾನ್ ಅಂತಾರಲ್ಲ, ಅದರ ವರ್ಚುವಲ್ ಫೋನ್ ಬ್ಯಾಂಕ್ ಹಿಂಗ. ಇನ್ನೊಂದು ಪ್ರಿಡಿಕ್ಟಿವ್ ಡಯಲರ್. ಅದು ಒಮ್ಮೆಗೆ ನಾಕಾರು ನಂಬರ್ ಹಚ್ಚಿ, ಯಾರು ಎತ್ತತಾರೋ ಅವರನ್ನ ನಿಮ್ಮ ಕಿವಿಗೆ ತಂದು ಬಿಡ್ತದ.

ಎರಡನೇದ್ರಾಗ ತಪ್ಪೋದು ಎಲ್ಲಿ ಅಂದ್ರ, ಅವರು "ಹಲೋ" ಅಂದ ಮ್ಯಾಲೆ ನಿಮಗ ಜೋಡಣೆ ಆಗ್ತದ. ನಡುವ ಒಂದೆರಡು ಸೆಕೆಂಡ್ ಸಪ್ಪಳ ಇರೂದಿಲ್ಲ. ಆ ಸಪ್ಪಳ ಇಲ್ಲದ್ದು ಕೇಳಿದ ಕೂಡ್ಲೇ ಮಂದಿ ಇದು ಸ್ಪ್ಯಾಮ್ ಅಂತ ಇಡತಾರ. ಅದಕ್ಕ ಬೀಪ್ ಕೇಳಿದ ಕ್ಷಣಕ್ಕ ಹೆಸರು ಹಿಡಿದು ಮಾತು ಶುರು ಮಾಡ್ರಿ. ಪರದೆ ಮ್ಯಾಲೆ ಹೆಸರು ಓದಲಿಕ್ಕೆ ಹೆಣಗಾಡಬ್ಯಾಡ್ರಿ. ಓದಲಿಕ್ಕೆ ಬರಲಿಲ್ಲಾ, "ನಮಸ್ಕಾರ್ರಿ, ನಾನು ಇಂಥ ಕ್ಯಾಂಪೇನಿನ ವಾಲಂಟಿಯರ್" ಅಂತ ಅನ್ಕೋತ ಹೆಸರು ನೋಡ್ಕೊಳ್ರಿ.

ಬೇಕಾಗೋದು: ಲ್ಯಾಪ್‌ಟಾಪ್, ಅದರಿಂದ ಬ್ಯಾರೆ ಫೋನು, ವೈರ್ ಇರೋ ಇಯರ್‌ಫೋನು (ಬ್ಲೂಟೂತ್ ಎರಡು ತಾಸಿಗೆ ಚಾರ್ಜ್ ಬಿಟ್ಟು ನಡೂಕ ಕೈ ಕೊಡ್ತದ), ಬಾಗಿಲ ಹಾಕ್ಕೊಳ್ಳೋ ಖೋಲಿ, ಒಂದು ತಂಬಿಗಿ ನೀರು. ಕೈಯಿಂದ ಹಚ್ಚಿದ್ರ ತಾಸಿಗೆ ಇಪ್ಪತ್ತು-ಮೂವತ್ತು ನಂಬರ್ ಆಗ್ತಾವ. ಅದರಾಗ ಮಾತಾಡಲಿಕ್ಕೆ ಸಿಗೋರು ಬೆರಳೆಣಿಕೆ ಮಂದಿ. ಅದ ಸಹಜ, ಹೊಸಬರು ಮೊದಲನೇ ತಾಸಿಗೇ ಇದನ್ನ ನೋಡಿ ಕೈ ಬಿಡತಾರ.

ಐಫೋನಿನ್ಯಾಗ ಐಒಎಸ್ 26 ಬಂದ ಮ್ಯಾಲೆ ಗುರ್ತಿಲ್ಲದ ನಂಬರಿಗೆ ಒಂದು ಯಂತ್ರದ ದನಿ "ಯಾರು, ಯಾಕ ಕರೆ ಮಾಡೀರಿ" ಅಂತ ಕೇಳಬಹುದು; ಪಿಕ್ಸೆಲ್‌ನ್ಯಾಗ ಮೊದಲಿಂದ್ಲೂ ಅದ. ಅದನ್ನ ವಾಯ್ಸ್‌ಮೇಲ್ ಅಂತ ತಿಳದು ಇಡಬ್ಯಾಡ್ರಿ. ನಿಮ್ಮ ಹೆಸರು, ಊರು, "ಜೂನ್ 2ರ ಚುನಾವಣಾ ಬಗ್ಗೆ" ಇಷ್ಟ ಹೇಳ್ರಿ, ಅವರ ಪರದೆ ಮ್ಯಾಲೆ ಅಕ್ಷರದಾಗ ಕಾಣ್ತದ. ಇದಕ್ಕ ಉದ್ದ ಹೇಳಿದ್ರ ಕೆಟ್ಟಿತು.

ಅಡ್ಡಪ್ರಶ್ನೆ

ಇಷ್ಟೆಲ್ಲ ಕಷ್ಟ ಯಾಕೆ? ಎಐನಲ್ಲಿ ಒಂದು ಚೆಂದದ ಕನ್ನಡ ದನಿ ಮಾಡಿ ಎಲ್ಲರ ಮೊಬೈಲಿಗೂ ಒಟ್ಟಿಗೆ ಬಿಟ್ಟರಾಯ್ತಲ್ಲ?

ಕಾನೂನುಕಡತ

ಆಗಲ್ಲ. 1991ರ ಟೆಲಿಫೋನ್ ಕನ್ಸ್ಯೂಮರ್ ಪ್ರೊಟೆಕ್ಷನ್ ಆ್ಯಕ್ಟ್ ಪ್ರಕಾರ, ಮೊದಲೇ ಧ್ವನಿಮುದ್ರಿಸಿದ ಅಥವಾ ಕೃತಕ ದನಿಯ ಕರೆಯನ್ನು ಮೊಬೈಲಿಗೆ ಮಾಡಬೇಕಾದರೆ ಮುಂಚಿತ ಒಪ್ಪಿಗೆ ಬೇಕು, ರಾಜಕೀಯ ಕರೆಯಾದರೂ ಅಷ್ಟೇ. 2024ರ ಫೆಬ್ರುವರಿಯಲ್ಲಿ ಎಫ್‌ಸಿಸಿ (ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ), ಎಐ ಸೃಷ್ಟಿಸಿದ ದನಿಯೂ "ಕೃತಕ ದನಿ"ಯೇ ಎಂದು ಹೇಳಿತು. ಅದಕ್ಕೆ ಹಿಂದಿನ ತಿಂಗಳು ನ್ಯೂಹ್ಯಾಂಪ್‌ಶೈರ್ ಪ್ರೈಮರಿಗೆ ಎರಡು ದಿನ ಇದ್ದಾಗ ಬೈಡನ್ ದನಿಯನ್ನು ಅನುಕರಿಸಿ "ಈಗ ವೋಟು ಹಾಕಬೇಡಿ, ನವೆಂಬರಿಗೆ ಉಳಿಸಿಕೊಳ್ಳಿ" ಅನ್ನೋ ಅರ್ಥದ ಕರೆಗಳು ಹೋಗಿದ್ದವು. ಅದನ್ನು ಮಾಡಿಸಿದ ಸಲಹೆಗಾರನಿಗೆ ಎಫ್‌ಸಿಸಿ ಹಾಕಿದ ದಂಡ 60 ಲಕ್ಷ ಡಾಲರ್.

ಮನುಷ್ಯರೇ ಕೈಯಿಂದ ಡಯಲ್ ಮಾಡಿ ಮಾತಾಡುವುದಕ್ಕೆ ಈ ತೊಡಕಿಲ್ಲ. ಮಾರಾಟದ ಕರೆ ಬೇಡ ಎಂದವರ "ಡು ನಾಟ್ ಕಾಲ್" ಪಟ್ಟಿ ರಾಜಕೀಯ ಕರೆಗಳಿಗೆ ಅನ್ವಯಿಸುವುದಿಲ್ಲ. ಆದರೆ ಮತದಾರರ ಮುಂದೆ ಆ ಕಾನೂನು ಪಾಯಿಂಟ್ ವಾದಿಸಬೇಡಿ; ಬೇಡ ಅಂದವರಿಗೆ "ರೆಫ್ಯೂಸ್ಡ್" ಒತ್ತಿ. ರೆಕಾರ್ಡ್ ಮಾಡಬೇಡಿ: ಇಲ್ಲಿ ಒಬ್ಬರ ಒಪ್ಪಿಗೆ ಸಾಕು, ಆದರೆ ನ್ಯೂಜೆರ್ಸಿ ನಂಬರ್ ಇಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಕೂತವರು ಎತ್ತಿದರೆ ಅಲ್ಲಿ ಇಬ್ಬರದೂ ಬೇಕು.

ಎಚ್-1ಬಿ, ಎಚ್-4, ಎಫ್-1 ವೀಸಾದವರು ಪದೇ ಪದೇ ಕೇಳುತ್ತಾರೆ. ಫೆಡರಲ್ ನಿಯಮದಲ್ಲಿ ಸಂಬಳವಿಲ್ಲದೆ ವಾಲಂಟಿಯರ್ ಆಗಿ ಫೋನ್ ಮಾಡಬಹುದು. ಮಾಡಬಾರದ್ದು: ದೇಣಿಗೆ ಕೊಡುವುದು, ಕ್ಯಾಂಪೇನಿಗಾಗಿ ಕೈಯಿಂದ ಖರ್ಚು ಮಾಡುವುದು, ಹಣ ಅಥವಾ ತಂತ್ರದ ತೀರ್ಮಾನಗಳಲ್ಲಿ ಭಾಗವಹಿಸುವುದು. ಗಿಫ್ಟ್ ಕಾರ್ಡ್ ಕೊಟ್ಟರೂ ತೆಗೆದುಕೊಳ್ಳಬೇಡಿ, ಅದು ಕೂಲಿ ಅನ್ನಿಸಿಕೊಂಡರೆ ವೀಸಾಕ್ಕೆ ತೊಂದರೆ. ಗ್ರೀನ್ ಕಾರ್ಡಿನವರು ದೇಣಿಗೆಯನ್ನೂ ಕೊಡಬಹುದು. ಮತ ಮಾತ್ರ ನಾಗರಿಕರಿಗೇ. ಗ್ರೀನ್ ಕಾರ್ಡ್ ಇರುವ ಯಾರಾದರೂ ಫೋನಲ್ಲಿ "ನಾನೂ ಹಾಕಬಹುದಾ?" ಅಂದರೆ ಸ್ಪಷ್ಟವಾಗಿ ಇಲ್ಲ ಎನ್ನಿ. "ಟ್ರೈ ಮಾಡಿ ನೋಡಿ" ಅಂದರೆ ಅವರ ನಾಗರಿಕತ್ವದ ಅರ್ಜಿಗೇ ಕಲ್ಲು ಹಾಕಿದ ಹಾಗೆ.

ಎಡಿಸನ್ ಕಟ್ಟೆ

ಕನ್ನಡ ಕೂಟದ ಡೈರೆಕ್ಟರಿಯಲ್ಲಿ ನಂಬರ್‌ಗಳೆಲ್ಲ ರೆಡಿ ಇವೆ. ಅದನ್ನೇ ಹಿಡಿದು ಮಾಡಿದ್ರೆ ಸುಲಭ ಅಲ್ವಾ?

ಕಾನೂನುಕಡತ

ಕೂಟ 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ಲಾಭರಹಿತ ಸಂಸ್ಥೆಯಾಗಿದ್ದರೆ ಅಭ್ಯರ್ಥಿ ಪರ ಅದರ ಪಟ್ಟಿ, ಇಮೇಲ್, ವಾಟ್ಸ್ಆ್ಯಪ್ ಗುಂಪು ಯಾವುದನ್ನೂ ಬಳಸುವಂತಿಲ್ಲ. ತೆರಿಗೆ ವಿನಾಯಿತಿಗೇ ಕುತ್ತು. 1954ರಿಂದ ಇರುವ ನಿಯಮ. ಯಾರ ಪರವೂ ಅಲ್ಲದೆ "ಜೂನ್ 2ಕ್ಕೆ ಪ್ರೈಮರಿ ಇದೆ, ಮತ ಹಾಕಿ" ಎಂದು ಕೂಟದ ವತಿಯಿಂದ ಎಲ್ಲರಿಗೂ ಒಂದೇ ರೀತಿ ಹೇಳಬಹುದು. ಎರಡನ್ನೂ ಒಂದೇ ಸಂಜೆ, ಒಂದೇ ಪಟ್ಟಿಯಿಂದ ಮಾಡಿದರೆ ಗೆರೆ ಅಳಿಸಿಹೋಗುತ್ತದೆ.

ಪಟ್ಟಿಪಂಡಿತ

ಅದಲ್ಲದೆ ಡೈರೆಕ್ಟರಿಯಲ್ಲಿ ಯಾರು ನಾಗರಿಕರು, ಯಾರ ಪಕ್ಷ ಯಾವುದು ಎಂಬ ಮಾಹಿತಿ ಇರುವುದಿಲ್ಲ. ಮತದಾರರ ಪಟ್ಟಿಯಲ್ಲಿ ಪಕ್ಷದ ಜೊತೆಗೆ ಹಿಂದೆ ಯಾವ ಯಾವ ಚುನಾವಣೆಯಲ್ಲಿ ಮತ ಹಾಕಿದ್ದಾರೆ ಎಂಬುದೂ ಇರುತ್ತದೆ. ಯಾರಿಗೆ ಹಾಕಿದರು ಎಂಬುದು ಎಲ್ಲೂ ಇರುವುದಿಲ್ಲ. ಮತದಾರರು ಗಾಬರಿಯಾಗಿ ಕೇಳಿದರೆ ಹೀಗೆಯೇ ಹೇಳಿ.

ಹೆಸರುಗಳ ಬಗ್ಗೆ ಒಂದು ಮಾತು. "ಎಫ್‌ಎನ್‌ಯು" ಎಂದು ಮೊದಲ ಹೆಸರಿನ ಜಾಗದಲ್ಲಿ ಕಂಡರೆ ಅದು ಹೆಸರಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ "ಫಸ್ಟ್ ನೇಮ್ ಅನ್‌ನೋನ್" ಎಂದು ಅಮೆರಿಕದವರು ಹಾಕಿದ್ದು, ಅದು ಮುಂದಿನ ದಾಖಲೆಗಳಿಗೂ ಅಂಟಿಕೊಂಡು ಬರುವುದುಂಟು. ಕೊನೆಯ ಹೆಸರಿನಲ್ಲಿ ಕರೆಯಿರಿ. ಹಾಗೆಯೇ ಕೊನೆಯ ಹೆಸರಿನ ಜಾಗದಲ್ಲಿ ಊರೋ ಅಪ್ಪನ ಹೆಸರೋ ಇರುತ್ತದೆ. ಒಬ್ಬ ಹೆಂಗಸನ್ನು "ಮಿಸೆಸ್ ನಂಜುಂಡಪ್ಪ" ಎಂದರೆ ಅಪ್ಪನ ಹೆಸರಿಟ್ಟು ಕರೆದಂತಾಗಬಹುದು.

ದೊಡ್ಡಮ್ಮ

ಹೆಸರು ನೋಡಿ ಕನ್ನಡ ಅಂತ ಊಹಿಸಬೇಡಿ. ರಾವ್, ಶೆಟ್ಟಿ, ರೆಡ್ಡಿ, ಮೂರ್ತಿ ಯಾವ ಭಾಷೆಯವರೂ ಆಗಿರಬಹುದು, ಶೆಟ್ಟಿ ಅಂದ್ರೆ ಮನೇಲಿ ತುಳು ಇರಬಹುದು. ಇಂಗ್ಲಿಷಲ್ಲಿ ಶುರು ಮಾಡಿ. ಆ ಕಡೆ ಹಿಂದೆ ಯಾರಾದ್ರೂ "ಯಾರ್ದೇ ಫೋನು?" ಅಂದಿದ್ದು ಕೇಳಿಸ್ತಾ, ಆಗ ಕನ್ನಡಕ್ಕೆ ತಿರುಗಿ. ಅಲ್ಲಿಂದ ಮಾತಿನ ದಾರಿನೇ ಬೇರೆ: "ಅಮ್ಮಾ", "ಅಂಕಲ್", ಬಹುವಚನ. ಆದರೆ ಊಟ ಆಯ್ತಾ, ಯಾವೂರು, ಯಾರ ಪೈಕಿ ಅಂತ ಹೊರಟರೆ ಇಪ್ಪತ್ತು ನಿಮಿಷ ಹೋಯ್ತು. ಒಂದು ಪ್ರಶ್ನೆ ಸಾಕು.

ಪ್ರೈಮರಿ ಅಂದ್ರೇನು ಅಂತ ಊರಿಂದ ಬಂದ ಹಿರಿಯರಿಗೆ ಅರ್ಥ ಮಾಡ್ಸೋಕೆ ಉದ್ದ ವಿವರಣೆ ಬೇಡ. "ಅಲ್ಲಿ ಬಿ ಫಾರಂ ಕೊಡೋದು ಹೈಕಮಾಂಡ್, ಇಲ್ಲಿ ಬಿ ಫಾರಂ ಯಾರಿಗೆ ಅಂತ ನಾವೇ ವೋಟು ಹಾಕಿ ಹೇಳ್ತೀವಿ." ತಕ್ಷಣ ತಲೆಗೆ ಹೋಗುತ್ತೆ. "ಹಂಗಾದ್ರೆ ನವೆಂಬರ್ದು?" ಅಂತಾರೆ. "ಅದು ಅಸಲಿ ಚುನಾವಣೆ, ಇದು ಟಿಕೆಟ್ ಹಂಚೋದು."

ಇಂಗ್ಲಿಷ್ ಓದೋಕೆ ಬರದವರು ಸಹಾಯಕ್ಕೆ ತಮಗೆ ಬೇಕಾದವರನ್ನ ಬೂತ್ ಒಳಗೆ ಕರ್ಕೊಂಡು ಹೋಗಬಹುದು, ವೋಟಿಂಗ್ ರೈಟ್ಸ್ ಆ್ಯಕ್ಟ್‌ನ 208ನೇ ಸೆಕ್ಷನ್ ಕೊಟ್ಟಿರೋ ಹಕ್ಕು. ಅವರ ಕೆಲಸದ ಯಜಮಾನ, ಯೂನಿಯನ್ನಿನ ಪ್ರತಿನಿಧಿ ಮಾತ್ರ ಆಗಲ್ಲ. ಮಗಳು, ಮೊಮ್ಮಗ, ಪಕ್ಕದ ಮನೆಯವರು ಯಾರಾದ್ರೂ ಸರಿ. ಇದನ್ನ ಹೇಳಿದ ಮೇಲೆ "ನಂಗೆ ಅಲ್ಲಿ ಓದೋಕೆ ಬರಲ್ಲಪ್ಪ" ಅನ್ನೋ ಅಡ್ಡಿ ತೆಗೆದ ಹಾಗಾಗುತ್ತೆ.

ಮನೇಲಿ 17 ವರ್ಷದ ಮಗು ಇದ್ರೆ ಅದನ್ನೂ ಕೇಳಿ. ನವೆಂಬರಿನ ಚುನಾವಣೆ ಹೊತ್ತಿಗೆ 18 ತುಂಬೋ ನಾಗರಿಕರು ಈ ವರ್ಷದಿಂದ ಪ್ರೈಮರಿಯಲ್ಲಿ ಮತ ಹಾಕಬಹುದು. 2024ರಲ್ಲಿ ಆದ ಕಾನೂನು, 2026ರ ಜನವರಿ 1ರಿಂದ ಜಾರಿ. ತಂದೆತಾಯಿಗೇ ಗೊತ್ತಿರಲ್ಲ.

ಹುಬ್ಬಳ್ಳಿ ಮಂದಿ

ವಾಯ್ಸ್‌ಮೇಲ್ ಬಿಡೂದು ಬ್ಯಾಡ ಅಂತೀನಿ ನಾ. ಒಂದಕ್ಕ ಮೂವತ್ತು ಸೆಕೆಂಡ್ ಹೋಗ್ತದ, ಯಾರೂ ಕೇಳೂದಿಲ್ಲ.

ಪಟ್ಟಿಪಂಡಿತ

ಮೇ ತಿಂಗಳಿಗೆ ಒಪ್ಪುತ್ತೇನೆ. ಕೊನೆಯ ನಾಲ್ಕು ದಿನಕ್ಕೆ ಒಪ್ಪುವುದಿಲ್ಲ. ಆಗ ಉದ್ದೇಶ ಬೆಂಬಲ ತಿಳಿಯುವುದಲ್ಲ, ನೆನಪಿಸುವುದು. ಹೆಸರು, ದಿನ, ಹೊತ್ತು (ಬೆಳಗ್ಗೆ 6ರಿಂದ ರಾತ್ರಿ 8), ಅಷ್ಟೇ ಹೇಳಿದರೆ ಹದಿನೈದು ಸೆಕೆಂಡ್ ಸಾಕು. ಮತಗಟ್ಟೆಯ ವಿಳಾಸ ಹೇಳಬೇಡಿ, ಬದಲಾಗಿದ್ದರೆ ಸರಿಪಡಿಸಲು ಆ ಕಡೆ ಯಾರೂ ಇರುವುದಿಲ್ಲ.

ಹುಬ್ಬಳ್ಳಿ ಮಂದಿ

ಹಂಗಂದ್ರ ಆತು. ಕೊನೀ ನಾಕ ದಿನ ಬಿಡ್ರಿ, ಅದಕ್ಕಿಂತ ಮೊದಲ ಬ್ಯಾಡ.

ಕರೆಗುರುತು

ಎಲ್ಲರೂ ಮಾತಿನ ಬಗ್ಗೆ ಬರೆದಿದ್ದೀರಿ, ಗುರುತು ಹಾಕೋದರ ಬಗ್ಗೆ ಇಲ್ಲ. ನನ್ನ ಪ್ರಕಾರ ಫೋನ್ ಬ್ಯಾಂಕ್‌ನಲ್ಲಿ ಮಾತಿಗಿಂತ ಗುರುತು ಮುಖ್ಯ, ಯಾಕೆಂದರೆ ಮಾತು ಒಬ್ಬರಿಗೆ, ಗುರುತು ಮುಂದಿನ ಎಲ್ಲ ವಾಲಂಟಿಯರ್‌ಗಳಿಗೆ.

"ನಾಟ್ ಹೋಮ್" ಒತ್ತಿದರೆ ಆ ನಂಬರ್ ಪಟ್ಟಿಗೆ ಮರಳುತ್ತದೆ. "ರಾಂಗ್ ನಂಬರ್" ಒತ್ತಿದರೆ ತೆಗೆದುಹಾಕುತ್ತದೆ. ರಾಂಗ್ ನಂಬರಿಗೆ ಸೋಮಾರಿತನದಿಂದ ನಾಟ್ ಹೋಮ್ ಒತ್ತಿದರೆ ಆ ಪಾಪದ ಮನುಷ್ಯನಿಗೆ ಜೂನ್ 2ರವರೆಗೆ ದಿನಾ ಕರೆ ಹೋಗುತ್ತದೆ. ರೇಗಿ ಬೈದರೆ ತಪ್ಪು ಅವರದ್ದಲ್ಲ. ಬೇರೆ ಭಾಷೆ ಬೇಕೆಂದು ಗುರುತು ಹಾಕುವ ಜಾಗವೂ ಇರುತ್ತದೆ. ಕನ್ನಡ ಅಂತ ಆಯ್ಕೆ ಇಲ್ಲದಿದ್ದರೆ ಟಿಪ್ಪಣಿಯಲ್ಲಿ ಬರೆದು ಸಂಜೆ ಮೇಲ್ವಿಚಾರಕರಿಗೆ ಹೇಳಿ.

ಬೆಂಬಲದ ಅಂಕೆ ಸಾಮಾನ್ಯವಾಗಿ 1ರಿಂದ 5. 1 ಅಂದರೆ ಗಟ್ಟಿ ಬೆಂಬಲ, 3 ಇನ್ನೂ ನಿರ್ಧರಿಸಿಲ್ಲ, 5 ಗಟ್ಟಿ ವಿರೋಧ. ನಮ್ಮವರ ಕರೆಗಳಲ್ಲಿ ಒಂದು ವಿಶೇಷ ತಪ್ಪು ಆಗುತ್ತದೆ. "ನೋಡೋಣ", "ಆಯ್ತಾಯ್ತು ಹಾಕೋಣ" ಅಂದಿದ್ದಕ್ಕೆ 1 ಹಾಕಿಬಿಡುತ್ತಾರೆ. ಕನ್ನಡದಲ್ಲಿ "ನೋಡೋಣ" ಅಂದರೆ ಏನು ಅಂತ ನಮಗೆಲ್ಲ ಗೊತ್ತು! ಅದು 3, ಮುಚ್ಚುಮರೆಯಿಲ್ಲದೆ ಹೇಳೋದಾದರೆ 4. ಅಭ್ಯರ್ಥಿಯ ಹೆಸರು ಅವರ ಬಾಯಲ್ಲೇ ಬಂದರೆ ಮಾತ್ರ 1. ಉಬ್ಬಿದ 1ಗಳನ್ನು ನಂಬಿ ಕೊನೆಯ ದಿನ ಕರೆ ಮಾಡಿದರೆ ಎದುರಾಳಿಯ ಮತದಾರರನ್ನು ನಾವೇ ಎಬ್ಬಿಸಿ ಮತಗಟ್ಟೆಗೆ ಕಳಿಸಿದಂತೆ.

ಮಗ ಎತ್ತಿ "ನಮ್ಮ ಮನೇಲಿ ನಾಲ್ಕೂ ವೋಟು ನಿಮಗೇ" ಅಂದರೆ ಮಗನೊಬ್ಬನಿಗೆ ಗುರುತು ಹಾಕಿ. ಅಮ್ಮನ ಮತ ಅಮ್ಮನದು.

ಅಡ್ಡಪ್ರಶ್ನೆ

ಸರಿ, ಬೆಂಬಲಿಗರು ಸಿಕ್ಕರು. "ಮರೀದೇ ಹಾಕಿ" ಅಂತ ಇಟ್ಟರೆ ಸಾಕಾ?

ಕರೆಗುರುತು

ಸಾಲದು, ಇದಕ್ಕೆ ಪುರಾವೆಯೂ ಇದೆ. 2008ರ ಏಪ್ರಿಲ್ 22ರ ಪೆನ್ಸಿಲ್ವೇನಿಯಾ ಡೆಮಾಕ್ರಟಿಕ್ ಪ್ರೈಮರಿಗೆ ಮೊದಲು ಡೇವಿಡ್ ನಿಕರ್ಸನ್ ಮತ್ತು ಟಾಡ್ ರಾಜರ್ಸ್ 2,87,228 ಜನರ ಪಟ್ಟಿಯಲ್ಲಿ ಫೋನ್ ಪ್ರಯೋಗ ನಡೆಸಿದರು. ಕೆಲವರಿಗೆ ಬರೀ ನೆನಪಿಸುವ ಕರೆ, ಕೆಲವರಿಗೆ "ಮತ ಹಾಕ್ತೀರಾ?" ಎಂಬ ಪ್ರಶ್ನೆ, ಇನ್ನು ಕೆಲವರಿಗೆ ಅದರ ಜೊತೆ ಮೂರು ಪ್ರಶ್ನೆ: ಎಷ್ಟು ಗಂಟೆಗೆ ಹೋಗ್ತೀರಿ, ಎಲ್ಲಿಂದ ಹೋಗ್ತೀರಿ, ಅದಕ್ಕೆ ಮುಂಚೆ ಏನು ಮಾಡ್ತಿರ್ತೀರಿ. ಮೂರನೇ ಗುಂಪಿನಲ್ಲಿ ಫೋನಿಗೆ ಸಿಕ್ಕವರ ಮತದಾನ 4.1 ಶೇಕಡಾಂಶ ಏರಿತು. ಮನೆಯಲ್ಲಿ ಒಬ್ಬರೇ ಮತದಾರರಿದ್ದ ಕಡೆ ಏರಿಕೆ 9.1. ಹಲವರು ಇರುವ ಮನೆಯಲ್ಲಿ ಯಾರಾದರೊಬ್ಬರು ಹೇಗೂ ಹೊರಡಿಸಿರುತ್ತಾರೆ, ಒಬ್ಬರೇ ಇದ್ದಲ್ಲಿ ಆ ಯೋಜನೆ ಯಾರೂ ಮಾಡಿರುವುದಿಲ್ಲ ಅನ್ನುವುದು ಅವರ ವಿವರಣೆ.

ಹಾಗಾಗಿ ಸಮಯ ಕಮ್ಮಿ ಇದ್ದರೆ ಭಾಷಣ ಕತ್ತರಿಸಿ, ಈ ಮೂರನ್ನು ಬಿಡಬೇಡಿ. ಅವರು "ಬೆಳಗ್ಗೆ" ಅಂದರೆ "ಆಫೀಸಿಗೆ ಹೋಗ್ತಾನಾ, ವಾಕಿಂಗ್ ಮುಗಿಸ್ಕೊಂಡಾ?" ಎಂದು ಕೇಳಿ. ಉತ್ತರ ಅವರ ಬಾಯಿಂದಲೇ ಬರಬೇಕು, ನೀವೇ ಹೇಳಿ "ಹೂಂ" ಅನ್ನಿಸಿದರೆ ಪ್ರಯೋಜನವಿಲ್ಲ.

ಪಟ್ಟಿಪಂಡಿತ

ಅದಕ್ಕೆ ನ್ಯೂಜೆರ್ಸಿಯ ಎರಡು ತಿರುವು ಸೇರಿಸಿಕೊಳ್ಳಿ. ಮುಂಗಡ ಮತದಾನಕ್ಕೆ ಕೌಂಟಿಯ ಯಾವ ಕೇಂದ್ರಕ್ಕಾದರೂ ಹೋಗಬಹುದು. ಜೂನ್ 2ರಂದು ಮಾತ್ರ ತಮಗೆ ಗೊತ್ತುಪಡಿಸಿದ ಮತಗಟ್ಟೆಗೇ ಹೋಗಬೇಕು. ವಿಳಾಸವನ್ನು ನೆನಪಿನಿಂದ ಹೇಳಬೇಡಿ, ರಾಜ್ಯದ ಡಿವಿಷನ್ ಆಫ್ ಎಲೆಕ್ಷನ್ಸ್ ತಾಣದಲ್ಲಿ ಅವರ ಮನೆ ವಿಳಾಸ ಹಾಕಿ ಅಲ್ಲಿ ಬಂದದ್ದನ್ನು ಓದಿ.

ಎರಡನೆಯದು, ಬ್ಯಾಲೆಟ್ಟಿನ ರೂಪ. ಹಿಂದೆ ಕೌಂಟಿ ಪಕ್ಷದವರ ಬೆಂಬಲಿತ ಅಭ್ಯರ್ಥಿಗಳೆಲ್ಲ ಒಂದೇ ಸಾಲಿನಲ್ಲಿ ಇರುತ್ತಿದ್ದರು, ಅದನ್ನು "ಕೌಂಟಿ ಲೈನ್" ಎನ್ನುತ್ತಿದ್ದರು. ಆ ಸಾಲಿಗೇ ಒತ್ತಿ ಬರುವ ಅಭ್ಯಾಸ ಹಳಬರಿಗೆ ಇದೆ. 2024ರ ಮಾರ್ಚ್‌ನಲ್ಲಿ ಫೆಡರಲ್ ಕೋರ್ಟು ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ಅದನ್ನು ತಡೆಯಿತು, 2025ರ ಮಾರ್ಚ್‌ನಲ್ಲಿ ಕಾನೂನೇ ಬದಲಾಯಿತು. ಈಗ ಹುದ್ದೆಗೊಂದು ಚೌಕ, ಅದರೊಳಗೆ ಆ ಹುದ್ದೆಯ ಅಭ್ಯರ್ಥಿಗಳು. "ಒಂದೇ ಸಾಲು ಹುಡುಕಬೇಡಿ, ಚೌಕ ಚೌಕವಾಗಿ ಹೆಸರು ನೋಡಿ" ಎಂದು ಹೇಳಿ. ಸೆನೆಟ್ ಮತ್ತು ಹೌಸ್ ಮಾತ್ರವಲ್ಲ, ಕೌಂಟಿ ಕಮಿಷನರ್, ಊರಿನ ಕೌನ್ಸಿಲ್‌ವರೆಗೆ ಬೇರೆ ಬೇರೆ ಚೌಕಗಳಿರುತ್ತವೆ.

ಅಡ್ಡಪ್ರಶ್ನೆ

ರಜಕ್ಕೆ ಬೆಂಗಳೂರಿಗೆ ಹೋಗಿರೋ ನಾಗರಿಕರು ಅಲ್ಲಿಂದಲೇ ಮತದಾರರಿಗೆ ಫೋನ್ ಮಾಡಬಹುದಾ?

ಹುಬ್ಬಳ್ಳಿ ಮಂದಿ

ಮಾಡಬಹುದು, ಆದ್ರ ಲೆಕ್ಕ ನೋಡ್ಕೊಳ್ರಿ. ಮಂದಿ ಫೋನ್ ಎತ್ತೋದು ಸಂಜಿ 6ರಿಂದ 8ರ ತನಕ. ಬ್ಯಾಸಗಿಯೊಳಗ ಒಂಬತ್ತೂವರೆ ತಾಸು ಫರಕ್, ಅಂದ್ರ ಅಲ್ಲಿ ನಸುಕಿನ ಮೂರೂವರೆಯಿಂದ ಐದೂವರೆ. ಶನಿವಾರ ಮಧ್ಯಾಹ್ನದ ಪಾಳಿ ತಗೊಂಡ್ರ ಅಲ್ಲಿ ರಾತ್ರಿ ಆಗಿರ್ತದ, ಅದ ಬೇಶ್. +91 ನಂಬರಿಂದ ಹಚ್ಚಿದ್ರ ಯಾರೂ ಎತ್ತೂದಿಲ್ಲ, ಅದಕ್ಕ ಬ್ರೌಸರ್‌ನ್ಯಾಗ ನಡಿಯೋ ಡಯಲರ್ ಕೊಡ್ರಿ ಅಂತ ಕೇಳ್ರಿ. ಇಲ್ಲಾ ಅಮೆರಿಕದಾಗ ಇದ್ದಾಗ್ಲೇ ಗೂಗಲ್ ವಾಯ್ಸ್ ನಂಬರ್ ತಗೊಂಡು ಹೋಗ್ರಿ. ಅಲ್ಲಿಗೆ ಹೋದ ಮ್ಯಾಲೆ ಹೊಸದು ಸಿಗೂದಿಲ್ಲ.

ಎಡಿಸನ್ ಕಟ್ಟೆ

ಕೊನೇದೊಂದು: ಜೂನ್ 2ರ ಸಂಜೆ ಏಳೂವರೆಗೆ ಯಾರಾದ್ರೂ ಸಿಕ್ಕಿ "ಈಗ ಹೊರಟ್ರೆ ಆಗುತ್ತಾ" ಅಂದ್ರೆ?

ಪಟ್ಟಿಪಂಡಿತ

8 ಗಂಟೆಗೆ ಸಾಲಿನಲ್ಲಿ ನಿಂತಿದ್ದರೆ ಮತ ಹಾಕಲು ಬಿಡಲೇಬೇಕು. ಮೊದಲು ಅವರ ಮತಗಟ್ಟೆಯ ವಿಳಾಸ ಓದಿ ಹೇಳಿ, ಆಮೇಲೆ ಮಾತು ಬೆಳೆಸದೆ ನೀವೇ ಫೋನ್ ಇಡಿ.